ಚಾರ್ಜ್ ಪಟ್ಟಿಗೆ ಬಾರದ ಬಾಬತ್ತುಗಳು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೇ 31ರಂದು ನಿವೃತ್ತರಾಗುವವರ ಸಂಖ್ಯೆ ಹೆಚ್ಚು. ಅದರ ಕಾರಣ ಐದಾರು ದಶಕ ಹಿಂದಿನ ದಾಖಲಾತಿ ರಿಜಿಸ್ಟರುಗಳಲ್ಲಿದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ಹುಟ್ಟಿದ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡುಬಿಡುತ್ತಿದ್ದರು. ಹಾಗೆ ಬರೆಸಿಕೊಂಡವರಲ್ಲಿ ಎಷ್ಟೋ ಮಂದಿ ಮುಂದೆ ತಾವೇ ಮೇಷ್ಟ್ರಾದರು, ಮುಖ್ಯಶಿಕ್ಷಕರಾದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂದು ಸೇವಾ ನಿಯಮ ಹೇಳುತ್ತದೆ. ಹಾಗಾಗಿ ಅರವತ್ತು ತುಂಬುವ ವರ್ಷದ ಮೇ 31ರಂದು ನಾಡಿನ ಬೇರೆ ಬೇರೆ ಮೂಲೆಗಳಲ್ಲಿ ಮುಖ್ಯಶಿಕ್ಷಕರ ಕುರ್ಚಿಗಳು ಒಟ್ಟೊಟ್ಟಿಗೇ ತೆರವಾಗುತ್ತವೆ.

ಆ ದಿನ ಸಭೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಹಳೆಯ ವಿದ್ಯಾರ್ಥಿಗಳ ಮಾತು. ಸಭೆಗೆ ಮುಂಚೆಯೋ ಆಮೇಲೋ ಆಫೀಸು ಕೋಣೆಯಲ್ಲಿ ಐದು ನಿಮಿಷದ ಇನ್ನೊಂದು ಕೆಲಸವೂ ಆಗುತ್ತದೆ. ಹೋಗುವವರು ಚಾರ್ಜ್ ಪಟ್ಟಿಗೆ ಸಹಿ ಹಾಕುತ್ತಾರೆ. ಅದರ ಕೆಳಗೆ ಹೊಸಬರು, ಹೊಸಬರು ಇನ್ನೂ ಬಂದಿಲ್ಲವಾದರೆ ಶಾಲೆಯ ಹಿರಿಯ ಶಿಕ್ಷಕರು, ಸಹಿ ಮಾಡುತ್ತಾರೆ. ಪ್ರಭಾರ ವರ್ಗಾವಣೆಯ ಪ್ರಮಾಣಪತ್ರ, ಕಚೇರಿ ಮಾತಿನಲ್ಲಿ ಸಿಟಿಸಿ, ಮೇಲಧಿಕಾರಿಗಳ ಕಚೇರಿಗೆ ಹೋಗುತ್ತದೆ. ಕಾಗದದ ಮಟ್ಟಿಗೆ ಶಾಲೆ ಕೈಬದಲಾಯಿತು.

ಆ ಐದು ನಿಮಿಷಕ್ಕೆ ಐದು ತಿಂಗಳ ತಯಾರಿ ಬೇಕು. ಅದು ಏಕೆ, ಹೇಗೆ ಎಂಬುದೇ ಇವತ್ತಿನ ವಿಷಯ.

ಮೊದಲಿಗೆ, ಶಾಲೆಯ ಹಣ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರು ಡಿಡಿಒ, ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ. ತಿಂಗಳಾ ತಿಂಗಳಾ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಸಹೋದ್ಯೋಗಿಗಳ ಸಂಬಳದ ಬಿಲ್ಲು ಸಿದ್ಧವಾಗಿ, ಖಜಾನೆ ಇಲಾಖೆಯ ತಂತ್ರಾಂಶವಾದ ಖಜಾನೆ-2ರ ಮೂಲಕ ಹಣ ಬರುವುದು ಅವರ ಸಹಿಯಿಂದ. ಪ್ರಾಥಮಿಕ ಶಾಲೆಗಳ ಸಂಬಳವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಕಚೇರಿ ನೋಡಿಕೊಳ್ಳುತ್ತದೆ. ಆದರೆ ಉಳಿದ ಹಣವೆಲ್ಲ ಅಲ್ಲಿಯೂ ಮುಖ್ಯಶಿಕ್ಷಕರ ತಲೆಯ ಮೇಲೆಯೇ.

ಆ ಉಳಿದ ಹಣ ಒಂದು ಬಗೆಯದಲ್ಲ. ಕರ್ನಾಟಕದಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಹುಟ್ಟಿದವು. ಅಂದಿನಿಂದ ಸಮಿತಿಯ ಅಧ್ಯಕ್ಷರೂ ಮುಖ್ಯಶಿಕ್ಷಕರೂ ಸೇರಿ ಸಹಿ ಹಾಕುವ ಜಂಟಿ ಖಾತೆ ಶಾಲೆಗಿದೆ. ಸಮಗ್ರ ಶಿಕ್ಷಾದಿಂದ ಮಕ್ಕಳ ಸಂಖ್ಯೆಗೆ ತಕ್ಕಂತೆ ಸಂಯುಕ್ತ ಶಾಲಾ ಅನುದಾನ ಬರುತ್ತದೆ. 30ರಿಂದ 100 ಮಕ್ಕಳಿರುವ ಶಾಲೆಗೆ 25 ಸಾವಿರ, 250ರವರೆಗೆ 50 ಸಾವಿರ, 1000ದವರೆಗೆ 75 ಸಾವಿರ, ಅದರಾಚೆಗೆ 1 ಲಕ್ಷ ರೂಪಾಯಿ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಶೌಚಾಲಯ, ನೀರು, ನೈರ್ಮಲ್ಯಕ್ಕೆ ಹೋಗಬೇಕು. 2002ರಲ್ಲಿ ಬೀದರ್, ಕಲಬುರಗಿ, ರಾಯಚೂರು ಸೇರಿದಂತೆ ಉತ್ತರದ 7 ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಬಿಸಿಯೂಟದ ಅಡುಗೆ ವೆಚ್ಚಕ್ಕೆ ಬೇರೆ ಖಾತೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರ ಭಾಗ್ಯದ ಹಾಲಿನ ಪುಡಿಗೆ ಬೇರೆ ದಾಸ್ತಾನು ಪುಸ್ತಕ. 2024ರಿಂದ ರಾಗಿ ಮಾಲ್ಟಿನ ಪುಡಿಯೂ ಸೇರಿಕೊಂಡಿದೆ. ಶೂ ಮತ್ತು ಕಾಲುಚೀಲದ ಹಣವೂ ಎಸ್‌ಡಿಎಂಸಿಯ ಮೂಲಕವೇ ಖರ್ಚಾಗುತ್ತದೆ. 2022–23ರಲ್ಲಿ ಅದರ ದರ ತರಗತಿಗೆ ಅನುಗುಣವಾಗಿ ಮಗುವೊಂದಕ್ಕೆ 265, 295, 325 ರೂಪಾಯಿ. ಇದರ ಜೊತೆಗೆ ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕ, ಕ್ರೀಡಾ ಸಾಮಗ್ರಿ, ಗ್ರಂಥಾಲಯ, ದಾನಿಗಳು ಕೊಟ್ಟ ದತ್ತಿ. ಇಷ್ಟೆಲ್ಲ ಲೆಕ್ಕ ಹಿಡಿಯುವ ವ್ಯಕ್ತಿ ವಾರಕ್ಕೆ ಇಂತಿಷ್ಟು ತರಗತಿಗಳಲ್ಲಿ ಗಣಿತವನ್ನೋ ಇಂಗ್ಲಿಷನ್ನೋ ಪಾಠ ಮಾಡುತ್ತಿರುತ್ತಾರೆ.

ಇಂಗ್ಲೆಂಡಿನ ಶಾಲೆಗಳಲ್ಲಿ ಈ ಕೆಲಸಕ್ಕೆ ಬೇರೆಯದೇ ಹುದ್ದೆಯಿದೆ. ಸ್ಕೂಲ್ ಬಿಸಿನೆಸ್ ಮ್ಯಾನೇಜರ್ ಎಂದು ಕರೆಯುತ್ತಾರೆ. ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಅಕಾಡೆಮಿ ಶಾಲೆಗಳ ಟ್ರಸ್ಟುಗಳಂತೂ ಮುಖ್ಯ ಹಣಕಾಸು ಅಧಿಕಾರಿಯನ್ನು ನೇಮಿಸಿಕೊಳ್ಳಲೇಬೇಕು. ಅಲ್ಲಿ ಲೆಕ್ಕದ ವರ್ಷ ಮುಗಿಯುವುದು ಆಗಸ್ಟ್ 31ಕ್ಕೆ, ಲೆಕ್ಕಪರಿಶೋಧನೆ ಮುಗಿಸಿದ ಪತ್ರಗಳು ಸರ್ಕಾರಕ್ಕೆ ಸಲ್ಲಬೇಕಾದ್ದು ಡಿಸೆಂಬರ್ 31ರೊಳಗೆ. ಬೇಸಿಗೆಯಲ್ಲಿ ಕೆಲಸ ಬಿಟ್ಟವರ ವರ್ಷಕ್ಕೆ ಚಳಿಗಾಲದಲ್ಲಿ ಉತ್ತರ ಹೇಳುವವರು ಹೊಸಬರು. ಇಲ್ಲಿಯೂ ಹಾಗೆಯೇ. ಹಣದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಶಾಲೆಯ ವರ್ಷ ಮುಗಿಯುವುದು ಏಪ್ರಿಲ್ ಎರಡನೇ ವಾರದಲ್ಲಿ, ಮುಖ್ಯಶಿಕ್ಷಕರ ಸೇವೆ ಮುಗಿಯುವುದು ಮೇ 31ಕ್ಕೆ. ಲೆಕ್ಕ ಕೇಳುವವರು ಬರುವುದು ಇದೆಲ್ಲ ಮುಗಿದ ಮೇಲೆ.

ಮೇ 31ಕ್ಕೆ ಇನ್ನೊಂದು ಗಡುವೂ ಅಂಟಿಕೊಂಡಿದೆ. ಜನವರಿಯಿಂದ ಮಾರ್ಚ್‌ವರೆಗೆ ನೌಕರರ ಸಂಬಳದಲ್ಲಿ ಕಡಿತ ಮಾಡಿದ ಆದಾಯ ತೆರಿಗೆಯ ತ್ರೈಮಾಸಿಕ ವಿವರವನ್ನು ಡಿಡಿಒ ಸಲ್ಲಿಸಲು ಕೊನೆಯ ದಿನ ಅದೇ. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೆಳೆಯುತ್ತದೆ. ಹಾರ ಹಾಕಿಸಿಕೊಂಡವರು ಊರಿಗೆ ಹೋಗಿರುತ್ತಾರೆ. ಒಂದೆರಡು ವಾರದಲ್ಲಿ ಶಿಕ್ಷಕರು ಫಾರಂ 16 ಕೇಳಿಕೊಂಡು ಬರುವುದು ಹೊಸ ಮುಖ್ಯಶಿಕ್ಷಕರ ಬಳಿಗೆ.

ಚಾರ್ಜ್ ಪಟ್ಟಿಯಲ್ಲಿ ಏನಿರುತ್ತದೆ? ದಾಖಲಾತಿ ರಿಜಿಸ್ಟರು, ವರ್ಗಾವಣೆ ಪತ್ರದ ಪುಸ್ತಕ, ನಗದು ಪುಸ್ತಕ, ಚೆಕ್ ಪುಸ್ತಕ, ಸೇವಾ ಪುಸ್ತಕಗಳು, ಬೆಂಚು, ಕಪಾಟು, ಕಂಪ್ಯೂಟರು, ಪ್ರಯೋಗಾಲಯದ ಸಾಮಾನು, ಬೀಗದ ಕೈಗಳು. ಇದೆಲ್ಲ ಬೇಕೇ ಬೇಕು. ಕರ್ನಾಟಕ ಆರ್ಥಿಕ ಸಂಹಿತೆ 1958ರ ಕಾಲದಿಂದಲೂ ಕಚೇರಿಗಳು ಪಾಲಿಸಿಕೊಂಡು ಬಂದಿರುವ ಶಿಸ್ತು ಇದು. ಆದರೆ ಇದು ವಸ್ತುಗಳ ಪಟ್ಟಿ. ಕೊಡಬೇಕಾದ ಬಾಕಿ, ಬರಬೇಕಾದ ಬಾಕಿ, ಅರ್ಧಕ್ಕೆ ನಿಂತ ಕೆಲಸ, ಬಾಯಿಮಾತಿನ ಒಪ್ಪಂದ, ಹತ್ತಿರವಾಗುತ್ತಿರುವ ಗಡುವು ಯಾವುದೂ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಜೂನ್ ತಿಂಗಳಲ್ಲಿ ಹೊಸಬರ ಕೈಕಟ್ಟುವುದು ಇವೇ.

ನಗದು ಪುಸ್ತಕದಿಂದಲೇ ಶುರುಮಾಡಬಹುದು. ಒಂದು ಶಾಲೆಯ ಎಸ್‌ಡಿಎಂಸಿ ಖಾತೆಯ ನಗದು ಪುಸ್ತಕದಲ್ಲಿ 42,350 ರೂಪಾಯಿ ಶಿಲ್ಕು ಇದೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಪಾಸ್‌ಬುಕ್ ಮಾತ್ರ 52,470 ಎನ್ನುತ್ತದೆ. 10,120 ರೂಪಾಯಿಯ ವ್ಯತ್ಯಾಸ ನೋಡಿದ ಕೂಡಲೇ ಹೊಸಬರಿಗೆ ಗಾಬರಿ. ನಿಜಸ್ಥಿತಿ ಸರಳವಾಗಿರಬಹುದು. ಬಡಗಿಗೆ ಕೊಟ್ಟ 8,000 ರೂಪಾಯಿಯ ಚೆಕ್ಕನ್ನು ಅವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಪ್ಲಂಬರಿಗೆ ಕೊಟ್ಟ 1,500ರ ಚೆಕ್ಕೂ ಅವನ ಜೇಬಿನಲ್ಲೇ ಇದೆ. ಬ್ಯಾಂಕು ಜಮಾ ಮಾಡಿದ 620 ರೂಪಾಯಿ ಬಡ್ಡಿಯನ್ನು ಇಲ್ಲಿ ಬರೆದುಕೊಂಡಿಲ್ಲ. ಮೂರೂ ಸೇರಿದರೆ ಲೆಕ್ಕ ತಾಳೆಯಾಯಿತು. ಈ ಮೂರು ಸಾಲನ್ನು ಹೋಗುವವರು ಬರೆದು, ತಾರೀಕು ಹಾಕಿ, ಸಹಿ ಮಾಡಿದರೆ ಹತ್ತು ನಿಮಿಷದ ಕೆಲಸ. ಬರೆಯದೆ ಹೋದರೆ ಅದನ್ನು ಹುಡುಕಲು ಹೊಸಬರು ಬಿಲ್ಲುಗಳ ಕಂತೆ ಬಿಚ್ಚಿ ಕೂರಬೇಕು, ಬಡಗಿಯ ಮನೆ ಹುಡುಕಬೇಕು. ಅಷ್ಟಾಗಿಯೂ ಊರಿನಲ್ಲಿ ಹತ್ತು ಸಾವಿರದ ಲೆಕ್ಕ ಸಿಗುತ್ತಿಲ್ಲವಂತೆ ಎಂಬ ಮಾತು ಹುಟ್ಟಿಕೊಂಡರೆ, ಮೂವತ್ತು ವರ್ಷ ಪ್ರಾಮಾಣಿಕವಾಗಿ ದುಡಿದವರ ಹೆಸರಿಗೂ ಮಸಿ ತಾಗುತ್ತದೆ.

ಆದ್ದರಿಂದ ಪ್ರತಿ ಖಾತೆಗೂ ಒಂದೊಂದು ತಾಳೆಪಟ್ಟಿ ಬೇಕು. ಎಲ್ಲ ಖಾತೆ ಸೇರಿಸಿ ಒಂದೇ ಮೊತ್ತ ಬರೆದರೆ ಅದು ಯಾರ ಉಪಯೋಗಕ್ಕೂ ಬರುವುದಿಲ್ಲ.

ಎರಡನೆಯದು ಬಿಸಿಯೂಟದ ಉಗ್ರಾಣ. ಆರನೇ ತರಗತಿ ಮತ್ತು ಅದರ ಮೇಲಿನ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, ಕೆಳಗಿನ ಮಗುವಿಗೆ 100 ಗ್ರಾಂ. 180 ಮಕ್ಕಳ ಪ್ರೌಢಶಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತ ದಿನ 27 ಕಿಲೋ ಅಕ್ಕಿ ಬೇಕು. ಹಾಜರಿ, ಉಂಡವರ ಸಂಖ್ಯೆ, ಖರ್ಚಾದ ಅಕ್ಕಿ, ಉಳಿದ ಅಕ್ಕಿ ಈ ನಾಲ್ಕೂ ದಿನದಿನವೂ ಒಂದಕ್ಕೊಂದು ಹೊಂದಿಕೊಂಡು ಹೋಗಬೇಕು. ದಾಸ್ತಾನು ಪುಸ್ತಕದಲ್ಲಿ 310 ಕಿಲೋ ಎಂದಿದ್ದರೆ ಆ ಅಂಕಿಗೆ ಸಹಿ ಹಾಕಿ ಮುಗಿಸುವುದು ಸುಲಭ. ಸರಿಯಾದ ಕ್ರಮವೆಂದರೆ ಹೋಗುವವರು, ಬರುವವರು, ಮುಖ್ಯ ಅಡುಗೆಯವರು ಮೂವರೂ ನಿಂತು ಚೀಲ ಎಣಿಸಬೇಕು, ಬಿಚ್ಚಿದ ಚೀಲವನ್ನು ತೂಗಬೇಕು, ಬೇಳೆ ಎಣ್ಣೆಗಳನ್ನು ನೋಡಬೇಕು, ಹಾಲಿನ ಪುಡಿಯ ಪೊಟ್ಟಣದ ಮೇಲಿನ ತಾರೀಕು ಓದಬೇಕು. ಬೇಸಿಗೆ ರಜೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಹುಳ ಬಿದ್ದ ಅಕ್ಕಿಯನ್ನು ಜೂನ್‌ನಲ್ಲಿ ಹೊಸಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಕೊಡುವ ಮುನ್ನವೇ ತೂಕ ನಡೆದರೆ, ಕೆಟ್ಟದ್ದನ್ನು ಆಗಲೇ ಬರೆದು, ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ತಿಳಿಸಬಹುದು.

ಮೊಟ್ಟೆಯ ಲೆಕ್ಕ ಇನ್ನೂ ಸೂಕ್ಷ್ಮ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗಿನ ಒಪ್ಪಂದದ ಬಳಿಕ, 2024ರ ಸೆಪ್ಟೆಂಬರ್‌ನಿಂದ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು. ಖರೀದಿ, ಸಾಗಣೆ, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ ಒಂದು ಮೊಟ್ಟೆಗೆ ಆಗ ಗೊತ್ತುಮಾಡಿದ ಮೊತ್ತ 6 ರೂಪಾಯಿ. ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ ಆದ ವಾರ, ದಿನಕ್ಕೆ 150 ಮೊಟ್ಟೆ ಕೊಳ್ಳುವ ಶಾಲೆಗೆ ಕನಿಷ್ಠ 150 ರೂಪಾಯಿ ಕಡಿಮೆ ಬೀಳುತ್ತದೆ, ವಾರಕ್ಕೆ 900. ಮೊಟ್ಟೆ ತಪ್ಪಿಸಬಾರದೆಂದು ಮುಖ್ಯಶಿಕ್ಷಕರು ತಮ್ಮ ಜೇಬಿನಿಂದ ಹಾಕುತ್ತಾರೆ. ಇಲ್ಲವೇ ಅಂಗಡಿಯವರ ಹತ್ತಿರ ಉದ್ರಿ ಹೇಳುತ್ತಾರೆ. ರಾಜ್ಯದ ಮುಖ್ಯಶಿಕ್ಷಕರು ಈ ಕಷ್ಟವನ್ನು ಎಷ್ಟೋ ಸಲ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಈ ಉದ್ರಿಯೂ ಈ ಜೇಬಿನ ಹಣವೂ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹೋಗುವವರು ಸಂಕೋಚಪಡುತ್ತಾರೆ, ಹೇಳದೆ ಹೊರಟುಬಿಡುತ್ತಾರೆ. ಅಂಗಡಿಯವರು ಜೂನ್‌ನಲ್ಲಿ ಹೊಸ ಮುಖ್ಯಶಿಕ್ಷಕರ ಮುಂದೆ ಚೀಟಿ ಹಿಡಿದು ನಿಲ್ಲುತ್ತಾರೆ. ಹಿಂದಿನವರ ಬಾಕಿಯನ್ನು ಈಗಿನವರು ಯಾವ ಆಧಾರದ ಮೇಲೆ ತೀರಿಸಬೇಕು? ತೀರಿಸದಿದ್ದರೆ ಮುಂದಿನ ವಾರದ ತರಕಾರಿ ಬರುವುದು ಹೇಗೆ? ಇದಕ್ಕೆ ಒಂದೇ ದಾರಿ. ಕಿರಾಣಿ, ತರಕಾರಿ, ಗ್ಯಾಸ್, ಮೊಟ್ಟೆ, ಮುದ್ರಣ, ದುರಸ್ತಿ ಪ್ರತಿಯೊಂದರ ಬಾಕಿಯನ್ನೂ ಬಿಲ್ಲಿನ ತಾರೀಕು ಸಮೇತ ಬರೆಯಬೇಕು. ತಾವು ಕೈಯಿಂದ ಹಾಕಿದ್ದನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ಎಸ್‌ಡಿಎಂಸಿ ಸಭೆಯ ನಡವಳಿಯಲ್ಲಿ ಅದಕ್ಕೆ ಒಪ್ಪಿಗೆ ಪಡೆಯಬೇಕು. ಬರುವ ಅನುದಾನದಿಂದ ಅದು ಸಲ್ಲುತ್ತದೆಯೋ ಇಲ್ಲವೋ ಎಂಬುದು ನಿಯಮ ನೋಡಿ ತೀರ್ಮಾನವಾಗಲಿ. ಬರೆದಿಟ್ಟರೆ ಕನಿಷ್ಠ ತೀರ್ಮಾನಕ್ಕಾದರೂ ಬರುತ್ತದೆ.

ಮೂರನೆಯದು ಕಂಪ್ಯೂಟರಿನ ಒಳಗಿನ ಬೀಗಗಳು. ಕಬ್ಬಿಣದ ಕಪಾಟಿನ ಕೈ ಕೊಟ್ಟರೆ ಕಪಾಟು ತೆರೆಯುತ್ತದೆ. ಡಿಜಿಟಲ್ ಸಹಿ ಹಾಗಲ್ಲ. ಅದು ವ್ಯಕ್ತಿಯ ಹೆಸರಿನಲ್ಲಿ ಕೊಟ್ಟದ್ದು. ಅದರ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳುವುದು ಸಹಿದಾರನ ಕರ್ತವ್ಯವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಹೇಳುತ್ತದೆ. ಬೇಗ ಆಗಲಿ ಎಂದು ಟೋಕನ್ನನ್ನೂ ಪಾಸ್‌ವರ್ಡನ್ನೂ ಹಿರಿಯ ಶಿಕ್ಷಕರ ಕೈಗೆ ಕೊಟ್ಟು ಹೋಗುವುದು ಸಹಾಯದಂತೆ ಕಂಡರೂ ಇಬ್ಬರಿಗೂ ಅಪಾಯ. ನಿವೃತ್ತರ ಸಹಿಯಲ್ಲಿ ಜೂನ್ ತಿಂಗಳ ಬಿಲ್ಲು ಹೋದರೆ ಅದಕ್ಕೆ ಉತ್ತರ ಹೇಳುವವರು ಯಾರು? ಹೊಸಬರ ಹೆಸರಿಗೆ ಹೊಸ ಸಹಿ ಮಾಡಿಸಿ, ಅದನ್ನು ಖಜಾನೆಯಲ್ಲಿ ಶಾಲೆಯ ಡಿಡಿಒ ಕೋಡಿಗೆ ಜೋಡಿಸಬೇಕು. ಅದಕ್ಕೆ ಅರ್ಜಿ, ಗುರುತಿನ ದಾಖಲೆ, ಮೇಲಧಿಕಾರಿಯ ಆದೇಶ ಬೇಕು. ಅಷ್ಟು ದಿನ ಹದಿನೈದಿಪ್ಪತ್ತು ಮಂದಿ ಶಿಕ್ಷಕರ ಸಂಬಳ ನಿಂತಿರುತ್ತದೆ. ಅವರ ಮನೆ ಸಾಲದ ಕಂತು ನಿಲ್ಲುವುದಿಲ್ಲ.

ಒಟಿಪಿಯ ತೊಡಕು ಇನ್ನೂ ಚಿಕ್ಕದಾಗಿ ಕಂಡು ಇನ್ನೂ ದೊಡ್ಡದಾಗಿ ಕಾಡುವಂಥದ್ದು. 2021ರಿಂದ ಕೇಂದ್ರದ ಯೋಜನೆಗಳ ಹಣ ಪಿಎಫ್‌ಎಂಎಸ್ ಎಂಬ ಹಣಕಾಸು ಜಾಲತಾಣದ ಮೂಲಕ ಹರಿಯುತ್ತದೆ. ಶಾಲೆಯ ಕೈಯಲ್ಲಿರುವುದು ಶೂನ್ಯ ಶಿಲ್ಕಿನ ಖಾತೆ ಮತ್ತು ಖರ್ಚಿನ ಮಿತಿ. ಪಾವತಿಯನ್ನು ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಒಪ್ಪಬೇಕು. ಮಕ್ಕಳ ವಿವರಕ್ಕೆ ಎಸ್‌ಎಟಿಎಸ್, ಶಾಲೆಯ ಅಂಕಿಅಂಶಕ್ಕೆ ಯುಡೈಸ್. ಇವಕ್ಕೂ ಬ್ಯಾಂಕಿನ ಸಂದೇಶಗಳಿಗೂ ಕೊಟ್ಟ ಮೊಬೈಲ್ ಸಂಖ್ಯೆ ಮುಖ್ಯಶಿಕ್ಷಕರ ಸ್ವಂತದ್ದಾಗಿದ್ದರೆ, ಅವರು ಹೋದ ಮರುದಿನದಿಂದ ಒಟಿಪಿ ಹೋಗುವುದು ಇನ್ನೊಂದು ಊರಿಗೆ. ಕಚೇರಿಯಲ್ಲಿ ಕೂತವರು ಫೋನು ಮಾಡಿ, ಸರ್, ಒಂದು ನಂಬರ್ ಬಂದಿರುತ್ತೆ ನೋಡಿ ಹೇಳಿ ಎನ್ನಬೇಕು. ಅವರು ಮೊಮ್ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೆ ಆವತ್ತಿನ ಕೆಲಸ ನಿಂತಂತೆಯೇ. ಶಾಲೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಇಟ್ಟುಕೊಂಡು, ನಿವೃತ್ತಿಗೆ ಎರಡು ತಿಂಗಳು ಮುಂಚೆಯೇ ಎಲ್ಲ ಖಾತೆಗಳನ್ನೂ ಅದಕ್ಕೆ ಬದಲಿಸಿಕೊಂಡರೆ ಈ ಪಾಡು ಬರುವುದಿಲ್ಲ.

ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಎಸ್‌ಡಿಎಂಸಿಯ ಠರಾವು, ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ, ಅಧ್ಯಕ್ಷರ ಹಾಜರಿ ಎಲ್ಲವೂ ಬೇಕು. ಎಸ್‌ಡಿಎಂಸಿಯ ಅವಧಿ ಮೂರು ವರ್ಷ. ಸಮಿತಿಯ ಅವಧಿಯೂ ಮುಖ್ಯಶಿಕ್ಷಕರ ಅವಧಿಯೂ ಒಂದೇ ಬೇಸಿಗೆಯಲ್ಲಿ ಮುಗಿದರೆ ಖಾತೆಯ ಎರಡೂ ಸಹಿಗಳು ಒಟ್ಟಿಗೇ ಹೋದಂತೆ. ಅಂಥ ವರ್ಷಗಳಲ್ಲಿ ಹೊಸ ಸಮಿತಿ ರಚನೆಯನ್ನು ಮುಂದಕ್ಕೆ ತಳ್ಳದೆ ಮುಗಿಸಿಬಿಡುವುದೇ ಹೋಗುವವರು ಶಾಲೆಗೆ ಮಾಡಬಹುದಾದ ದೊಡ್ಡ ಉಪಕಾರ.

ಇನ್ನು ಮರೆತುಹೋದ ಹಣದ ಕಥೆ. ಎಷ್ಟೋ ಹಳೆಯ ಶಾಲೆಗಳಲ್ಲಿ ದತ್ತಿಗಳಿವೆ. ತಂದೆಯ ನೆನಪಿಗೆಂದು ಯಾರೋ ಹತ್ತು ಸಾವಿರ ಕೊಟ್ಟು, ಅದರ ಬಡ್ಡಿಯಲ್ಲಿ ಪ್ರತಿವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರಿಗೆ ಬಹುಮಾನ ಕೊಡಿ ಎಂದಿರುತ್ತಾರೆ. ಆ ಠೇವಣಿಯ ರಸೀದಿ ಕಪಾಟಿನ ಒಳಗಿನ ಖಾನೆಯಲ್ಲಿ, ಒಂದು ಕಂದು ಲಕೋಟೆಯಲ್ಲಿರುತ್ತದೆ. ರಸೀದಿಯ ಮೇಲಿರುವ ಬ್ಯಾಂಕಿನ ಹೆಸರು ಇವತ್ತು ಊರಿನ ಯಾವ ಬೋರ್ಡಿನ ಮೇಲೂ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ಎಂಟು ವರ್ಷದಲ್ಲಿ ಇಷ್ಟು ಬ್ಯಾಂಕುಗಳ ಹೆಸರು, ಶಾಖೆ, ಐಎಫ್‌ಎಸ್‌ಸಿ ಸಂಖ್ಯೆ ಬದಲಾದವು. ಇದೇ ಅವಧಿಯಲ್ಲಿ ಶಾಲೆಯೊಂದರಲ್ಲಿ ಮೂವರು ಮುಖ್ಯಶಿಕ್ಷಕರು ಬದಲಾಗಿದ್ದರೆ, ಆ ಲಕೋಟೆಯ ನೆನಪು ಯಾರಲ್ಲಿ ಉಳಿದಿರುತ್ತದೆ?

ಎರಡು ವರ್ಷ ವ್ಯವಹಾರ ನಡೆಯದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಗುರುತಿಸುತ್ತದೆ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಪಡೆಯಬಹುದು, ಆದರೆ ಖಾತೆ ಇದ್ದದ್ದೇ ಗೊತ್ತಿಲ್ಲದವರು ಕೇಳುವುದು ಹೇಗೆ? ಪ್ರತಿ ಖಾತೆಯ ಹಳೆಯ ಬ್ಯಾಂಕು, ಈಗಿನ ಬ್ಯಾಂಕು, ಸಂಖ್ಯೆ, ಯಾವ ಉದ್ದೇಶಕ್ಕೆ ತೆರೆದದ್ದು, ಠೇವಣಿ ಪಕ್ವವಾಗುವ ದಿನ, ದಾನಿಯ ಷರತ್ತು ಇವೆಲ್ಲ ಒಂದು ಪುಟದಲ್ಲಿ ಇದ್ದರೆ, ಮುಂದಿನ ಆಗಸ್ಟ್ 15ರಂದು ಆ ಬಹುಮಾನ ಒಬ್ಬ ಹುಡುಗಿಯ ಕೈಗೆ ಸೇರುತ್ತದೆ.

ಕಾಗದದಲ್ಲಿ ಕಾಣದ ಇನ್ನೊಂದು ಸಂಗತಿ, ಕಾರಣ. ಈ ವರ್ಷ ಸಂಯುಕ್ತ ಅನುದಾನದ ದೊಡ್ಡ ಪಾಲು ಒಂದೇ ಕೋಣೆಯ ಮಾಡಿಗೆ ಏಕೆ ಹೋಯಿತು? ಮೂರು ಕೊಟೇಶನ್‌ಗಳಲ್ಲಿ ಎರಡನೆಯದನ್ನು ಏಕೆ ಒಪ್ಪಿದ್ದು? ಹಳೆಯ ಕಂಪ್ಯೂಟರುಗಳು ರಿಜಿಸ್ಟರಿನಲ್ಲಿವೆ, ಕೋಣೆಯಲ್ಲಿಲ್ಲ, ಎಲ್ಲಿ ಹೋದವು? ಕಳವಾಗಿದ್ದರೆ ಪೊಲೀಸ್ ದೂರಿನ ಸಂಖ್ಯೆ ಎಷ್ಟು? ಹರಾಜಾಗಿದ್ದರೆ ಆದೇಶ ಎಲ್ಲಿದೆ? ಮಾಡಿದವರಿಗೆ ಇದೆಲ್ಲ ಬಾಯಿಪಾಠ. ಮೂರು ವರ್ಷ ಕಳೆದು ಲೆಕ್ಕಪರಿಶೋಧಕರು ಬಂದು ಕೇಳಿದಾಗ ಅಲ್ಲಿ ಕೂತಿರುವವರಿಗೆ ಇದರ ಗಾಳಿಗಂಧವೂ ಇರುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಯಾರಾದರೂ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕಾದವರೂ ಅವರೇ.

ಹೋಗುವವರಿಗೂ ಇದರಲ್ಲಿ ಪಾಲಿದೆ. ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಾಕಿಯಿದ್ದರೆ ಬೇಬಾಕಿ ಪ್ರಮಾಣಪತ್ರ ಸಿಗುವುದಿಲ್ಲ. ಅದು ಸಿಗದೆ ಉಪದಾನ ಕೈಸೇರುವುದು ತಡವಾಗುತ್ತದೆ. ಸರ್ಕಾರಕ್ಕೆ ನಷ್ಟವಾಗಿದ್ದು ಸಾಬೀತಾದರೆ ಪಿಂಚಣಿಯಿಂದಲೇ ವಸೂಲಿ ಮಾಡಲು ಸೇವಾ ನಿಯಮ 214 ಅವಕಾಶ ಕೊಡುತ್ತದೆ. ಒಂದು ವೋಚರ್ ಸಿಗದಿದ್ದಕ್ಕೆ ನಿವೃತ್ತರು ಹಳೆಯ ಶಾಲೆಗೆ ಬಂದು, ತಾವೇ ಕೊಟ್ಟ ಕಪಾಟಿನ ಮುಂದೆ ಕೂತು ಹುಡುಕುವುದುಂಟು. ಹಳೆಯ ವೋಚರುಗಳನ್ನು ವರ್ಷವಾರು ಕಟ್ಟಿ, ಕಂತೆಯ ಮೇಲೆ ಖಾತೆಯ ಹೆಸರು, ಸಂಖ್ಯೆ ಬರೆದು, ಪುಟಗಳ ಫೋಟೊ ತೆಗೆದು ಒಂದು ಪ್ರತಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟು ಹೋದರೆ ಎರಡು ಕಡೆಗೂ ರಕ್ಷೆ.

ಹಾಗಾದರೆ ಐದು ತಿಂಗಳನ್ನು ಹೇಗೆ ಹಂಚಿಕೊಳ್ಳಬೇಕು? ಜನವರಿಯಲ್ಲಿ ಖಾತೆಗಳ ಪಟ್ಟಿ ಮಾಡಬೇಕು, ಹಳೆಯ ಠೇವಣಿ ಹುಡುಕಬೇಕು, ಬಾಕಿ ಆಕ್ಷೇಪಣೆಗಳಿಗೆ ಉತ್ತರ ಬರೆಯಬೇಕು. ಫೆಬ್ರವರಿಯಲ್ಲಿ ಎಸ್ಸೆಸ್ಸೆಲ್ಸಿಯ ಗಡಿಬಿಡಿ ಜೋರಾಗುವುದರೊಳಗೆ ದಾಸ್ತಾನು ಪುಸ್ತಕ ಹಿಡಿದು ಕೋಣೆ ಕೋಣೆ ತಿರುಗಿ ಬರಬೇಕು. ಮಾರ್ಚ್ 31ಕ್ಕೆ ಎಲ್ಲ ನಗದು ಪುಸ್ತಕ ಮುಚ್ಚಿ ತಾಳೆಪಟ್ಟಿ ಬರೆಯಬೇಕು, ಹಣ ಬಳಕೆ ಪ್ರಮಾಣಪತ್ರಗಳನ್ನು ಕಳಿಸಬೇಕು. ಏಪ್ರಿಲ್ ಮೊದಲ ವಾರ, ಮಕ್ಕಳೂ ಅಡುಗೆಯವರೂ ಇನ್ನೂ ಶಾಲೆಯಲ್ಲಿರುವಾಗಲೇ, ಉಗ್ರಾಣದ ತೂಕ ಮತ್ತು ಎಸ್‌ಡಿಎಂಸಿ ಸಭೆ ಆಗಬೇಕು. ಏಪ್ರಿಲ್ ಹತ್ತು ದಾಟಿದರೆ ಅಧ್ಯಕ್ಷರು ಹೊಲದಲ್ಲಿ, ಶಿಕ್ಷಕರು ಮದುವೆ ಮನೆಗಳಲ್ಲಿ, ಗುಮಾಸ್ತರು ತೆರಿಗೆಯ ಲೆಕ್ಕದಲ್ಲಿ ಇರುತ್ತಾರೆ. ಮೇ ತಿಂಗಳಿಗೆ ಉಳಿಯುವುದು ತೆರಿಗೆ ವಿವರ ಸಲ್ಲಿಕೆ ಮತ್ತು ಮೂರು ಪುಟದ ಒಂದು ಟಿಪ್ಪಣಿ.

ಆ ಟಿಪ್ಪಣಿ ಸರಳವಾಗಿರಲಿ. ಮೊದಲ ಪುಟದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಗಡುವುಗಳು. ಎರಡನೆಯದರಲ್ಲಿ ಕೊಡಬೇಕಾದ್ದು, ಬರಬೇಕಾದ್ದು, ಅರ್ಧಕ್ಕೆ ನಿಂತದ್ದು. ಮೂರನೆಯದರಲ್ಲಿ ಮನುಷ್ಯರು: ಬಿಇಒ ಕಚೇರಿಯಲ್ಲಿ ಯಾವ ವಿಷಯಕ್ಕೆ ಯಾವ ಮೇಜು, ಬ್ಯಾಂಕಿನಲ್ಲಿ ಯಾರು ಶಾಲೆಯ ಖಾತೆ ನೋಡುತ್ತಾರೆ, ಮಳೆಗಾಲದಲ್ಲಿ ಮಾಡು ಸೋರಿದರೆ ಕರೆದ ದಿನವೇ ಬರುವ ಮೇಸ್ತ್ರಿ ಯಾರು, ಯಾವ ಹಳೆಯ ವಿದ್ಯಾರ್ಥಿ ಪ್ರತಿವರ್ಷ ನೋಟ್‌ಬುಕ್ ಕಳಿಸುತ್ತಾರೆ.

ಇದೆಲ್ಲ ದಿನ ಮೊದಲೇ ಗೊತ್ತಿದ್ದವರ ಮಾತಾಯಿತು. ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ 2020ರ ಪ್ರಕಾರ ಕೌನ್ಸೆಲಿಂಗ್‌ನಲ್ಲಿ ಜಾಗ ಸಿಕ್ಕವರಿಗೆ ಬಿಡುಗಡೆಯ ಆದೇಶ ಕೆಲವೇ ದಿನದಲ್ಲಿ ಬರಬಹುದು. ಅನಾರೋಗ್ಯವೋ ಸಾವೋ ಹೇಳಿ ಕೇಳಿ ಬರುವುದಿಲ್ಲ. ಖಾತೆಗಳ ಪಟ್ಟಿ, ತಾಳೆಪಟ್ಟಿ, ಬಾಕಿಗಳ ಪುಟ ಇವು ನಿವೃತ್ತಿಯ ವರ್ಷಕ್ಕೇ ಮೀಸಲಾದರೆ ಇಂಥ ಹೊತ್ತಿನಲ್ಲಿ ಕೈಗೆ ಸಿಗುವುದಿಲ್ಲ. ಪ್ರತಿ ತಿಂಗಳ ಎಸ್‌ಡಿಎಂಸಿ ಸಭೆಗೆ ಮುಂಚೆ ಇವುಗಳನ್ನು ಹೊಸದಾಗಿ ತಿದ್ದಿಡುವ ಮುಖ್ಯಶಿಕ್ಷಕರಿಗೆ ವರ್ಗಾವಣೆ ಆದೇಶ ಬಂದ ಸಂಜೆ ಹೆದರಿಕೆಯಿಲ್ಲ.

ಇಲಾಖೆಯ ಪಾತ್ರವನ್ನೂ ಹೇಳಲೇಬೇಕು. ಮುಖ್ಯಶಿಕ್ಷಕರ ಹುದ್ದೆ ಖಾಲಿಯಾದ ಕಡೆ ಹಿರಿಯ ಸಹಶಿಕ್ಷಕರನ್ನು ಸೇವಾ ನಿಯಮ 32ರ ಅಡಿಯಲ್ಲಿ ಪ್ರಭಾರದಲ್ಲಿ ಇಡುವುದು ವಾಡಿಕೆ. ಕೆಲವು ಕಡೆ ಪಕ್ಕದ ಶಾಲೆಯವರಿಗೆ ನಿಯಮ 68ರಂತೆ ಹೆಚ್ಚುವರಿ ಪ್ರಭಾರ. ನಿನ್ನೆಯವರೆಗೆ ವಿಜ್ಞಾನ ಪಾಠ ಮಾಡುತ್ತಿದ್ದವರು ಇವತ್ತು ಡಿಡಿಒ. ಅವರಿಗೆ ಖಜಾನೆಯ ತಂತ್ರಾಂಶ, ತೆರಿಗೆ ವಿವರ, ಪಿಎಫ್‌ಎಂಎಸ್ ಯಾವುದರಲ್ಲೂ ತರಬೇತಿ ಆಗಿರುವುದಿಲ್ಲ. ಆದರೆ ಸರ್ಕಾರಿ ನೌಕರರ ನಿವೃತ್ತಿಯ ದಿನ ಅವರು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಿಂದ ಗೊತ್ತಾಗುತ್ತದೆ. ಬರುವ ಮೇ 31ಕ್ಕೆ ಯಾವ ಶಾಲೆಯ ಕುರ್ಚಿ ತೆರವಾಗುತ್ತದೆ ಎಂಬ ಪಟ್ಟಿಯನ್ನು ಪ್ರತಿ ಬಿಇಒ ಕಚೇರಿಯೂ ಜನವರಿಯಲ್ಲೇ ತಯಾರಿಸಬಹುದು. ಪ್ರಭಾರ ವಹಿಸಿಕೊಳ್ಳುವವರ ಹೆಸರನ್ನು ಮಾರ್ಚ್‌ನೊಳಗೆ ಗೊತ್ತುಮಾಡಿದರೆ, ಅವರು ಏಪ್ರಿಲ್ ಮತ್ತು ಮೇ ತಿಂಗಳ ಸಂಬಳದ ಬಿಲ್ಲನ್ನು ಹಿರಿಯರ ಪಕ್ಕದಲ್ಲೇ ಕೂತು ಮಾಡಿ ಕಲಿಯಬಹುದು. ಡಿಜಿಟಲ್ ಸಹಿಯ ಅರ್ಜಿಯನ್ನು ಮೇ ಮೊದಲ ವಾರವೇ ಕೊಡಬಹುದು. ಇದಕ್ಕೆ ಹೊಸ ಅನುದಾನವೂ ಬೇಡ, ಹೊಸ ಹುದ್ದೆಯೂ ಬೇಡ.

ಶಾಲೆ ತೆರೆದ ಮೊದಲ ದಿನವೇ ಬಿಸಿಯೂಟದ ಒಲೆ ಹೊತ್ತಬೇಕು. ಜೂನ್ ತಿಂಗಳ ಮೊದಲ ಎಸ್‌ಡಿಎಂಸಿ ಸಭೆಯಲ್ಲಿ ಹೊಸ ಮುಖ್ಯಶಿಕ್ಷಕರು ಹಿಂದಿನವರ ಮೂರು ಪುಟದ ಟಿಪ್ಪಣಿಯನ್ನು ಎಲ್ಲ ಸದಸ್ಯರ ಮುಂದೆ ಓದಿ, ಅದನ್ನು ನಡವಳಿ ಪುಸ್ತಕಕ್ಕೆ ಸೇರಿಸಿ, ಬ್ಯಾಂಕಿನ ಸಹಿ ಬದಲಾವಣೆಯ ಠರಾವನ್ನು ಅದೇ ಸಭೆಯಲ್ಲಿ ಪಾಸು ಮಾಡಿಸಿಕೊಂಡರೆ, ಆ ತಿಂಗಳ ಮೊಟ್ಟೆಯ ಹಣಕ್ಕೂ ಸಂಬಳದ ಬಿಲ್ಲಿಗೂ ಅಡ್ಡಿಯಿರುವುದಿಲ್ಲ. ಹಿಂದಿನವರನ್ನು ಆ ಸಭೆಗೆ ಕರೆಯಬಹುದು. ಟಿಪ್ಪಣಿಯ ಯಾವುದಾದರೂ ಸಾಲು ಅರ್ಥವಾಗದಿದ್ದರೆ, ಕೇಳಿ ತಿಳಿದುಕೊಳ್ಳಲು ಅವರು ಅಲ್ಲೇ ಇರುತ್ತಾರೆ.